ಕಟಕ್

ಆರು ತಿಂಗಳಿಂದ ಒಂದು ಸದ್ದು.
ಪೆಡಲು ಮೇಲೇರಿ ಕೆಳಗಿಳಿಯುವ ಹೊತ್ತಿಗೆ
ಬಲಗಡೆ, ಎಲ್ಲೋ ಒಳಗೆ,
ಕಟಕ್.
ಆಮೇಲೆ ನಾಲ್ಕು ಸುತ್ತು ಮೌನ.
ಹೋಯಿತಲ್ಲ ಎಂದು ಉಸಿರು ಬಿಟ್ಟರೆ
ಯರಮರಸ್ ದಾಟುವ ಮೊದಲೇ
ಕಟಕ್.

ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಬರೆಯುವವ ನಾನು.
ದಿನವಿಡೀ ಕ್ವಿಂಟಲ್ ಬರೆವ ಕೈಗೆ
ರಾತ್ರಿ ಗ್ರಾಮುಗಳ ಚಿಂತೆ.
ಒಂದು ಸಂಜೆ, ವ್ಯಾಪಾರಿಗಳು ಹೋದ ಮೇಲೆ,
ಸೈಕಲ್ಲನ್ನೇ ಕಾಂಟಾ ಮೇಲೆ ನಿಲ್ಲಿಸಿದೆ.
ಹನ್ನೊಂದು ಕೆಜಿ ಇನ್ನೂರು.
ಸ್ಟ್ಯಾಂಡು ಬಿಚ್ಚಿದೆ, ಗಂಟೆ ಬಿಚ್ಚಿದೆ,
ಮಡ್‌ಗಾರ್ಡು ಬಿಚ್ಚಿ ಅಟ್ಟಕ್ಕೆ ಹಾಕಿದೆ.
ಹತ್ತು ಕೆಜಿ ನಾನೂರು!
ಹಮಾಲ ಮುದುಕಪ್ಪ ಬೀಡಿ ಕಚ್ಚಿಕೊಂಡೇ ಅಂದ:
"ಹೊಟ್ಟಿ ಬಿಚ್ಚೂದು ಯಾವಾಗ್ರಿ?"

ಭಾನುವಾರ ನಾಲ್ಕೂವರೆಗೆ ಏಳಬೇಕು,
ಎಂಟರ ನಂತರ ರಾಯಚೂರಿನ ಸೂರ್ಯ
ಯಾರ ಮಾತೂ ಕೇಳುವವನಲ್ಲ.
ಬಿಗಿ ಚಡ್ಡಿಯ ಮೇಲೆ ಲುಂಗಿ ಸುತ್ತಿ
ಓಣಿ ದಾಟುವವರೆಗೆ ಮರ್ಯಾದಸ್ಥ;
ಗಂಜ್ ಸರ್ಕಲ್ಲಿನ ಕತ್ತಲಲ್ಲಿ ಲುಂಗಿ ಚೀಲಕ್ಕೆ.

ಚಿಕ್ಕಸುಗೂರಿನ ನಾಯಿಗಳು
ನನ್ನನ್ನು ವಾರಪತ್ರಿಕೆಯಂತೆ ಕಾಯುತ್ತವೆ.
ಕಿವಿ ಹರಿದ ಕಂದು ನಾಯಿಯೊಂದು
ರೇಷನ್ ಅಂಗಡಿಯವರೆಗೆ ಬೆನ್ನಟ್ಟಿ
ಗಕ್ಕನೆ ನಿಲ್ಲುತ್ತದೆ, ಅದರ ಸರಹದ್ದು ಅಷ್ಟೇ.
ವಾರದ ನನ್ನ ಅತಿ ಹೆಚ್ಚಿನ ವೇಗ ಅಲ್ಲೇ:
ಗಂಟೆಗೆ ಮೂವತ್ತೆಂಟು.

ಬೂದಿ ಟ್ಯಾಂಕರು ಹಾದುಹೋದರೆ
ಹಲ್ಲಿನ ನಡುವೆ ಕರಕರ.
ಮುಳ್ಳಿನ ಗಿಡಕ್ಕೆ ಬಳ್ಳಾರಿ ಜಾಲಿಯೆಂದು ಹೆಸರು,
ಚುಚ್ಚುವುದು ಮಾತ್ರ ರಾಯಚೂರಿನ ಟ್ಯೂಬಿಗೆ.
ಹೋಗುವಾಗ ಎದುರಿದ್ದ ಗಾಳಿ
ತಿರುಗಿ ಬರುವಾಗಲೂ ಎದುರೇ;
ಯಾವ ಪಂಚಾಯತಿಗೆ ದೂರು ಕೊಡಲಿ?

ಆದರೂ ಶಕ್ತಿನಗರ ದಾಟಿ ಸೇತುವೆಗೆ ಬಂದಾಗ
ಕೆಳಗೆ ಬಂಡೆಗಳ ಸಂದಿಯಲ್ಲಿ ಕೃಷ್ಣೆ.
ನೀರಿನಿಂದ ಒಂದು ತಂಪು ಎದ್ದು
ಅಂಗಿಯೊಳಗೆ ನುಗ್ಗಿ
ಬೆನ್ನೆಲುಬು ಒಂದೊಂದಾಗಿ ಎಣಿಸುತ್ತದೆ.
ಹಿಂದೆ ಮುಂದೆ ನೋಡಿ, ಯಾರೂ ಇಲ್ಲದಾಗ,
ಎರಡೂ ಕೈ ಬಿಡುತ್ತೇನೆ.
ನಲವತ್ತಾರು ವರ್ಷ, ಮೂರು ಸೆಕೆಂಡು.
ಆಗಲೇ
ಕಟಕ್.

ಸೀಟು ಬಿಚ್ಚಿ ಗ್ರೀಸು ಹಚ್ಚಿದೆ.
ಪೆಡಲು ಬದಲಿಸಿದೆ. ಚೈನು ಬದಲಿಸಿದೆ.
ದೀಪಾವಳಿ ಬೋನಸ್ಸಿನ ಅರ್ಧ ಬೇರಿಂಗಿಗೆ ಹೋಯಿತು,
ಮನೆಯಲ್ಲಿ ಹೇಳಿದ್ದು ಕಾಲು ಭಾಗ.
ಚಾಂದಪಾಷಾ ಸೈಕಲ್ಲು ತಲೆಕೆಳಗು ಮಾಡಿ
ಕಣ್ಣು ಮುಚ್ಚಿ ಚಕ್ರಕ್ಕೆ ಕಿವಿ ಇಟ್ಟ.
ತೀನ್ ಕಂದೀಲ್‌ವರೆಗೆ ತಾನೇ ತುಳಿದು ಬಂದ.
"ಗಪ್‌ಚಿಪ್ ಅದ ಸಾರ್. ನಿಮ್ ಮ್ಯಾಲೇ ಏನೋ ಸಿಟ್ಟು."

ಅದೆಂಥ ಸಿಟ್ಟು ನೋಡೋಣ ಎಂದು
ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ.
ಕಟಕ್.

ಅಂಗಡಿಯ ಮೂಲೆಯಲ್ಲಿ ಮಗ್ಗಿ ಬರೆಯುತ್ತಿದ್ದ
ಪಾಷಾನ ಮಗಳು ತಬಸ್ಸುಮ್ ತಲೆ ಎತ್ತಿದಳು.
"ಅಂಕಲ್, ಸೈಕಲ್ ದೂರ ಅದ.
ನೀವ್ ಕುಂತ್ರ ಬಂತು ಸದ್ದು."

ಪಾಷಾನ ಕೈಯ ಪಾನಾ ಅಲ್ಲೇ ನಿಂತಿತು.
"ಏಳ್ರಿ ಸಾರ್."
ಎದ್ದೆ. ಕಟಕ್.
"ಕೂಡ್ರಿ."
ಕಟಕ್.
"ಈ ಸೈಜಿನ ಬೇರಿಂಗ್
ನನ್ ಹತ್ರ ಇಲ್ರಿ," ಎಂದವನೇ
ನಗು ತಡೆಯಲಾರದೆ ಟ್ಯೂಬಿನ ತೊಟ್ಟಿಗೆ ಬಗ್ಗಿದ.

ಮನೆಗೆ ಬಂದು ನಾಗವೇಣಿಗೆ ಹೇಳಿದರೆ
ಅಕ್ಕಿಯಿಂದ ಕಲ್ಲು ಆರಿಸುತ್ತಾ, ಕತ್ತೆತ್ತದೆ,
"ಮೆಟ್ಟಲ ಹತ್ತುವಾಗೆಲ್ಲ ಕೇಳ್ತದ.
ನಿಮಗ ಗೊತ್ತದ ಅಂದ್ಕೊಂಡಿದ್ದೆ," ಅಂದಳು.

ಆ ರಾತ್ರಿ ಏಣಿ ಹಾಕಿ ಅಟ್ಟ ಹತ್ತಿದೆ
(ಹೌದು, ಪ್ರತಿ ಮೆಟ್ಟಿಲಿಗೂ),
ಧೂಳು ಕೊಡವಿ ಗಂಟೆಯನ್ನು ಮತ್ತೆ ಜೋಡಿಸಿದೆ.
ಸುಮ್ಮನೆ ಅನುಮಾನಿಸಿದ್ದಕ್ಕೆ
ಬೇರೆ ಏನು ಕೊಡುವುದು ಸೈಕಲ್ಲಿಗೆ.
ಅರವತ್ತು ಗ್ರಾಂ. ಇರಲಿ.

ಈ ಭಾನುವಾರ ಚಿಕ್ಕಸುಗೂರಲ್ಲಿ
ಟ್ರಿಣ್ ಎಂದದ್ದೇ ತಡ,
ಕಿವಿ ಹರಿದ ನಾಯಿ ಅರ್ಧ ದಾರಿಯಲ್ಲೇ ನಿಂತು
ಕತ್ತು ವಾಲಿಸಿ ನನ್ನನ್ನೇ ನೋಡಿತು.
ಇಪ್ಪತ್ತಾರು ದಾಟಲಿಲ್ಲ.